ತಾಯಿಯಾಗುವ ನಾಯಿ

ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನಮ್ಮ ಭಾವನಿಗೆ ಮುಧೋಳ ನಾಯಿಯ ತಳಿ ಬೆಳೆಸಬೇಕೆಂಬ ಆಸೆ ಹುಟ್ಟಿತು. ಹೊಳೆಹೊನ್ನೂರಿನ ಕಡೆ ಅವರಿಗೆ ಅಡಿಕೆ ತೋಟವಿದೆ, ಪಕ್ಕದಲ್ಲೇ ಬಯಲೂ ಇದೆ. ಮುಧೋಳ ನಾಯಿಗೆ ಮುಖ್ಯವಾಗಿ ಬೇಕಾದದ್ದು ಓಡುವುದಕ್ಕೆ ಜಾಗ. "ಒಳ್ಳೆ ಗಂಡು ಸಿಕ್ಕಿದರೆ ಆಯ್ತು ಮಾರಾಯ, ಹೆಣ್ಣು ಯಾವುದಾದರೇನು?" ಅಂದರು.

ಶಿವಮೊಗ್ಗದಲ್ಲೂ ನಾನು ಕೇಳುತ್ತ ಬಂದಿರುವ ಮಾತು ಇದೇ. ಮೇಟಿಂಗ್ ಮಾಡಿಸುವವರು ಮೊದಲು ವಿಚಾರಿಸುವುದು ಗಂಡಿನ ಎತ್ತರ, ಗಂಡಿನ ಬಣ್ಣ, ಗಂಡು ಯಾವ ಪ್ರದರ್ಶನದಲ್ಲಿ ಗೆದ್ದಿದೆ ಎಂಬುದನ್ನು. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಮರಿಗಳಿಗೆ ಗಂಡು ಅರ್ಧ ಪಾಲು ಕೊಟ್ಟು ಅವತ್ತೇ ತನ್ನ ಮನೆಗೆ ಹೋಗುತ್ತದೆ. ಹೆಣ್ಣು ಆ ಅರ್ಧ ಪಾಲಿನ ಮೇಲೆ ಸುಮಾರು 63 ದಿನದ ಗಬ್ಬವನ್ನೂ, ಆಮೇಲೆ ಎಂಟು ವಾರದ ತನ್ನ ಸಹವಾಸವನ್ನೂ ಕೊಡುತ್ತದೆ.

ಆ ಎಂಟು ವಾರ ಸಣ್ಣ ವಿಷಯವಲ್ಲ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ ನೋಡಿ 1965ರಲ್ಲಿ ಪುಸ್ತಕವನ್ನೇ ಬರೆದರು. ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿ ಯಾವುದಕ್ಕೆ ಒಗ್ಗಿಕೊಳ್ಳುತ್ತದೋ ಅದು ಜೀವಮಾನವಿಡೀ ಉಳಿಯುತ್ತದೆ ಎಂಬುದು ಅವರು ಕಂಡುಕೊಂಡದ್ದರಲ್ಲಿ ಮುಖ್ಯವಾದದ್ದು. ಆ ಅವಧಿಯ ಬಹುಪಾಲು ಮರಿ ತಾಯಿಯ ಮಗ್ಗುಲಲ್ಲೇ ಇರುತ್ತದೆ. ಗೇಟು ಸದ್ದಾದಾಗ ತಾಯಿ ಮೂಲೆ ಸೇರಿದರೆ ಮರಿಗಳೂ ಮೂಲೆ ಸೇರುತ್ತವೆ. ತಾಯಿ ತಲೆ ಎತ್ತಿ ನೋಡಿ ಸುಮ್ಮನಾದರೆ ಮರಿಗಳೂ ಹಾಲು ಕುಡಿಯುವುದನ್ನು ಮುಂದುವರಿಸುತ್ತವೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಮ್ಮವರು ಹೇಳಿದ್ದು ನಾಯಿಗೂ ಸಲ್ಲುತ್ತದೆ.

ಮುಧೋಳ ತಳಿಯಲ್ಲಿ ಒಳ್ಳೆಯ ಸ್ವಭಾವವನ್ನು ಗುರುತಿಸುವುದು ಮಾತ್ರ ಸುಲಭವಲ್ಲ. ಲ್ಯಾಬ್ರಡಾರ್‌ನಂತೆ ಇದು ಬಂದವರ ಮೈಮೇಲೆ ಹಾರಿ ಮುಖ ನೆಕ್ಕುವ ನಾಯಿಯಲ್ಲ. ಬೇಡರ ಬಳಿ ಬೇಟೆಗಿದ್ದ ಇವುಗಳನ್ನು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಆರಿಸಿ ಬೆಳೆಸಿ, ಐದನೇ ಜಾರ್ಜ್ ದೊರೆಗೂ ಒಂದು ಜೋಡಿ ಕೊಟ್ಟರೆಂದು ಹೇಳುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದದ್ದು, 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದದ್ದು ಇದೇ ತಳಿ. ಇಷ್ಟಾದರೂ ಅಪರಿಚಿತರು ಮುಟ್ಟುವುದು ಇದಕ್ಕೆ ಇಷ್ಟವಿಲ್ಲ. ದೂರ ನಿಲ್ಲುವುದು ಇದರ ಹುಟ್ಟುಗುಣ. ಬಿಗುಮಾನದಿಂದ ದೂರ ನಿಂತಿದೆಯೋ, ಹೆದರಿ ದೂರ ನಿಂತಿದೆಯೋ ಎಂಬುದನ್ನು ನಾವು ಬಿಡಿಸಿ ನೋಡಬೇಕು. ಹೆದರುವ ನಾಯಿಯೇ ಕೊನೆಗೆ ಕಚ್ಚುವುದು.

ಭಾವನ ಜೊತೆ ಹೆಣ್ಣು ನಾಯಿ ನೋಡಲು ಹೋದೆ. ಕೂಡ್ಲಿಯ ಹತ್ತಿರ ಒಬ್ಬರ ಮನೆಯಲ್ಲಿ ಒಂದೇ ಸೂಲಿನ ಇಬ್ಬರು ಅಕ್ಕತಂಗಿಯರಿದ್ದರು. ಒಂದು ಕೆನೆಬಣ್ಣದ್ದು, ಎತ್ತರದ್ದು, ಕತ್ತು ನೀಳ. ಭಾವ ಕಣ್ಣು ಕೀಳಲಿಲ್ಲ. ಇನ್ನೊಂದು ಮಾಸಲು ಕಂದು, ಎದೆಯ ಮೇಲೆ ಒಂದಿಷ್ಟು ಬಿಳಿ. ಎರಡೂ ನಮ್ಮ ಹತ್ತಿರ ಬರಲಿಲ್ಲ. ಮನೆಯವರ ಹುಡುಗ ಅಡಿಕೆ ಅಂಗಳದಲ್ಲಿ ಅಲ್ಯೂಮಿನಿಯಂ ಬಕೆಟ್ಟು ಕೆಡವಿದ. ಎರಡೂ ಬೆಚ್ಚಿ ಹಾರಿದವು, ಅದು ಸಹಜ. ಕಂದು ಬಣ್ಣದ್ದು ಹತ್ತು ಹೆಜ್ಜೆ ಓಡಿ, ನಿಂತು, ತಿರುಗಿ ನೋಡಿ, ನಿಧಾನಕ್ಕೆ ಬಂದು ಬಕೆಟ್ಟಿನ ಅಂಚನ್ನು ಮೂಸಿತು. ಆಮೇಲೆ ಅಲ್ಲೇ ಕೂತು ಕಾಲು ನೆಕ್ಕಿಕೊಂಡಿತು. ಕೆನೆಬಣ್ಣದ್ದು ಪಂಪ್‌ಸೆಟ್ ಮನೆಯ ಹಿಂದೆ ಬಾಲ ಹೊಟ್ಟೆಗೆ ಅಂಟಿಸಿಕೊಂಡು ಕೂತಿತ್ತು. ಹುಡುಗ ಕರೆಯಲು ಹೋದರೆ ತುಟಿ ಮೇಲೆತ್ತಿ ಹಲ್ಲು ತೋರಿಸಿತು, ತನಗೆ ದಿನಾ ಅನ್ನ ಹಾಕುವ ಹುಡುಗನಿಗೆ.

ನಾಯಿ ಬೆಚ್ಚುತ್ತದೆಯೇ ಎಂದು ನೋಡುವುದಕ್ಕಿಂತ ಬೆಚ್ಚಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂದು ನೋಡಬೇಕು. ಬೇರೆ ಪರೀಕ್ಷೆಗಳು ಎಷ್ಟೇ ಇದ್ದರೂ ನಾನು ಇದನ್ನು ಬಿಡುವುದಿಲ್ಲ.

ಆ ಮನೆಯ ಯಜಮಾನಿಯನ್ನು ಅವುಗಳ ತಾಯಿಯ ಬಗ್ಗೆ ಕೇಳಿದೆ. "ಅದು ಹಾಕಿದಾಗ ಯಾರೂ ಕೈ ಹಾಕ್ಲಿಲ್ಲ ಸಾರ್. ತಾನೇ ಚೀಲ ಹರಿದು ನೆಕ್ಕಿ ಒಣಗಿಸ್ತು. ಎರಡು ದಿನ ಮರಿ ಬಿಟ್ಟು ಏಳ್ಲಿಲ್ಲ, ಅನ್ನ ಅಲ್ಲಿಗೇ ಇಟ್ಟೆ" ಅಂದರು. ಪ್ರದರ್ಶನದ ಬಹುಮಾನಕ್ಕಿಂತ ನನಗೆ ಈ ಮಾತು ದೊಡ್ಡದು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ಬಗೆಯ ಓಟದ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದುಗಳ ಅಮಲು ಬೇಗ ಇಳಿಯುವುದಿಲ್ಲ. ಸಿಜೇರಿಯನ್ ಬೇಕಾದರೆ ಗಂಡಾಂತರ ಹೆಚ್ಚು. ಸಲೀಸಾಗಿ ಹೆರುವ ಮನೆತನದ ಹೆಣ್ಣನ್ನೇ ಹುಡುಕುವುದು ಇದಕ್ಕೇ.

ದೇಹದ ಪರೀಕ್ಷೆಯನ್ನು ಪಶುವೈದ್ಯರಿಗೆ ಬಿಟ್ಟದ್ದು ಒಳ್ಳೆಯದಾಯಿತು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಮತ್ತು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರ ಎರಡೂ ಒಂದೇ ವಿಶ್ವವಿದ್ಯಾಲಯದವು. ತಳಿಯ ಬಗ್ಗೆ ಕೇಳುವುದಕ್ಕೆ ನಾವು ದೂರ ಹೋಗಬೇಕಿಲ್ಲ. ಪಕ್ಕೆಲುಬು ಕಂಡರೆ ನಮ್ಮ ಕಡೆಯವರು ಉಪವಾಸ ಕೆಡವಿದ್ದಾರೆ ಅನ್ನುತ್ತಾರೆ. ಮುಧೋಳಕ್ಕೆ ಕೊನೆಯ ಎರಡು ಮೂರು ಎಲುಬು ಕಾಣುವುದೇ ಸರಿ. ನೋಡಬೇಕಾದದ್ದು ವಸಡಿನ ಬಣ್ಣ. ಯಾಕೆಂದರೆ ಮಲೆನಾಡಿನ ಅಂಚಿನಲ್ಲಿ ಉಣುಗಿನ ಕಾಟ ತಪ್ಪಿದ್ದಲ್ಲ. ಉಣುಗಿನಿಂದ ಬರುವ ಜ್ವರ ವಾಸಿಯಾದಂತೆ ಕಂಡರೂ ರಕ್ತದಲ್ಲಿ ಉಳಿದಿರಬಹುದು, ಗಬ್ಬ ನಿಂತಾಗ ಮತ್ತೆ ಏಳಬಹುದು. ಬ್ರೂಸೆಲ್ಲಾ ಪರೀಕ್ಷೆ ಗಂಡಿಗೂ ಹೆಣ್ಣಿಗೂ ಆಗಲೇಬೇಕು. ಕೂಡಿಸಿದಾಗ ಒಂದರಿಂದ ಇನ್ನೊಂದಕ್ಕೆ ಹರಡಿ, ದಿನ ತುಂಬುವ ಮೊದಲೇ ಗಬ್ಬ ಹೋಗಿಸುವ ರೋಗ ಅದು, ಮನುಷ್ಯರಿಗೂ ಅಂಟುತ್ತದೆ.

ಹೀಗೆಲ್ಲ ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ವಿನೋಬನಗರದ 100 ಅಡಿ ರಸ್ತೆಯ ಬದಿಯಲ್ಲಿ ಮೊಲೆ ಜೋತುಬಿದ್ದ, ಕೂದಲು ಉದುರಿದ ಲ್ಯಾಬ್ರಡಾರ್ ಹೆಣ್ಣೊಂದು ಅಲೆಯುವುದನ್ನು ನೋಡಿದ್ದೇನೆ. ಸೂಲಿನ ಮೇಲೆ ಸೂಲು ಹಾಕಿಸಿ, ಮರಿ ಮಾರಿ, ಬತ್ತಿದ ಮೇಲೆ ಯಾರೋ ಬಿಟ್ಟುಹೋದದ್ದು. ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದಿತು. ಹದಿನೆಂಟು ತಿಂಗಳು ತುಂಬದ ಹೆಣ್ಣಿನಿಂದ ಮರಿ ಮಾಡಿಸಬಾರದು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ, ಎಂಟು ವರ್ಷ ದಾಟಿದ ಮೇಲೆ ಇಲ್ಲವೇ ಇಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಿಯಮ ಗೊತ್ತಿರುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. ಹೆಣ್ಣನ್ನು ಮರಿ ಹಾಕುವ ಯಂತ್ರವೆಂದುಕೊಂಡವರಿಗೆ ಅದರ ಸ್ವಭಾವ ಯಾಕೆ ಬೇಕು?

ಭಾವ ಕಂದು ಬಣ್ಣದ್ದನ್ನೇ ತಂದರು. ಕೆನೆಬಣ್ಣದ್ದು ಆ ಮನೆಯಲ್ಲೇ ಇದೆ. ಮರಿ ಮಾಡಿಸಬೇಡಿ, ಹೀಗೇ ಸಾಕಿಕೊಳ್ಳಿ ಎಂದು ಹೇಳಿ ಬಂದೆವು. ತಂದ ಕಂದು ಹೆಣ್ಣಿಗೆ ಇನ್ನೂ ಹದಿನಾಲ್ಕು ತಿಂಗಳ ಪ್ರಾಯ. ಮೊನ್ನೆ ಬೆದೆಗೆ ಬಂದಾಗ ಭಾವನಿಗೆ ತಡೆಯಲಾಗಲಿಲ್ಲ, ಫೋನ್ ಮಾಡಿದರು. ಮುಂದಿನ ಬೆದೆಯವರೆಗೆ ಬೇಡ ಅಂದೆ. ಅಷ್ಟರಲ್ಲಿ ರಕ್ತಸಂಬಂಧವಿಲ್ಲದ ಗಂಡೊಂದನ್ನು ಮುಧೋಳ, ಜಮಖಂಡಿಯ ಕಡೆ ವಿಚಾರಿಸುತ್ತಿದ್ದಾರೆ. ಹೋದಾಗ ಆ ಗಂಡಿನ ತಾಯಿಯನ್ನೂ ನೋಡಿಕೊಂಡೇ ಬರಬೇಕೆಂದು ಹೇಳಿದ್ದೇನೆ.