ನೀರುಗಂಟಿ

ಪರಿಸರದ ವಿಚಾರವಾಗಿ ಭಾಷಣ ಮಾಡುವವರು ಅದನ್ನು ಸ್ಥಳೀಯ, ರಾಷ್ಟ್ರೀಯ, ಜಾಗತಿಕ ಎಂದು ಮೂರು ಭಾಗ ಮಾಡುವುದು ವಾಡಿಕೆ. ಪರೀಕ್ಷೆಯಲ್ಲಿ ಉತ್ತರ ಬರೆಯುವುದಕ್ಕೆ ಈ ವಿಭಾಗ ಅನುಕೂಲವೇ ಸರಿ. ಆದರೆ ನನಗೆ ಈ ಮೂರೂ ಒಂದೇ ಕೆರೆಯ ಮೂರು ತೂಬುಗಳಂತೆ ಕಾಣುತ್ತವೆ. ಹಾಗೆ ಕಾಣುವುದಕ್ಕೆ ಕಾರಣವುಂಟು: ನಾನು ನೀರುಗಂಟಿಯ ಮೊಮ್ಮಗ.

ನೀರುಗಂಟಿ ಎಂದರೆ ಯಾರೆಂದು ಪಟ್ಟಣದ ಮಿತ್ರರಿಗೆ ಹೇಳಬೇಕಾದೀತು. ನಮ್ಮ ಕೋಲಾರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಏರಿ ಕಟ್ಟಿ ಮಳೆಯ ನೀರನ್ನು ನಿಲ್ಲಿಸಿದರು. ಒಂದು ಕೆರೆಯ ಕೋಡಿ ಹರಿದರೆ ಅದು ಮುಂದಿನ ಕೆರೆಯ ಪಾಲು. ತೂಬು ಎತ್ತಿ, ಕಾಲುವೆ ನೋಡಿಕೊಂಡು, ಗದ್ದೆಗಳಿಗೆ ನೀರು ಕಟ್ಟುವವನು ನೀರುಗಂಟಿ. ಅವನಿಗೆ ಸಂಬಳವಿಲ್ಲ; ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು. ನಮ್ಮ ತಾತನಿಗೆ ಅಚ್ಚುಕಟ್ಟಿನಲ್ಲಿ ಅಂಗೈಯಗಲ ಜಮೀನಿರಲಿಲ್ಲ, ಅಕ್ಷರ ಬರುತ್ತಿರಲಿಲ್ಲ. ಆದರೂ ಕೆರೆ ಅರ್ಧವೇ ತುಂಬಿದ ವರ್ಷ ದೊಡ್ಡವರ ಗದ್ದೆಗೂ ಕಡೆಯ ಮಡಿಯ ಬಡವನ ಗದ್ದೆಗೂ ಅವರ ಅಳತೆ ಒಂದೇ. ಯಾರಾದರೂ ಗದರಿಸಿದರೆ, "ನೀರು ಮಕ ನೋಡಿ ಹರಿಯಲ್ಲ ಸ್ವಾಮಿ" ಎನ್ನುತ್ತಿದ್ದರಂತೆ.

ಹಾಗೆಂದು ಆ ಕಾಲವನ್ನು ನಾನು ಹೊಗಳಲಾರೆ. ಊರಿಗೆಲ್ಲ ನೀರು ಹಂಚುವವನ ಮನೆಯವರು ಊರ ಬಾವಿಯಲ್ಲಿ ನೀರು ಸೇದುವಂತಿರಲಿಲ್ಲ.

ಆಮೇಲೆ ಕೊಳವೆಬಾವಿ ಬಂತು. ಅದಕ್ಕೆ ನೀರುಗಂಟಿ ಬೇಡ; ಗುಂಡಿ ಒತ್ತಿದರಾಯಿತು. ಕೆರೆಯ ಹೂಳೆತ್ತುವ ಚಿಂತೆ ಯಾರಿಗೂ ಉಳಿಯಲಿಲ್ಲ. ಬಾವಿಗಳು ಸಾವಿರ ಅಡಿ ದಾಟಿದವು. ಕಲ್ಲಿನಾಳದ ನೀರಿನೊಂದಿಗೆ ಫ್ಲೋರೈಡೂ ಮೇಲೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಮಕ್ಕಳ ಹಲ್ಲನ್ನು ಕಂದಿಸುತ್ತದೆ, ಇನ್ನೂ ಹೆಚ್ಚಾದರೆ ಮೂಳೆಯನ್ನು ಕೆಡಿಸುತ್ತದೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಬತ್ತಿದ ಕೆರೆಗಳಲ್ಲಿ ನೀರು ನಿಂತದ್ದು ಸಂತೋಷವೇ. ಮೂರನೆಯ ಹಂತವೂ ಆಗಲಿ ಎಂದು ರೈತರು ಕೇಳುತ್ತಿರುವುದೂ ನ್ಯಾಯವೇ.

ದೇಶದ ಮಾತೂ ಇದಕ್ಕಿಂತ ಬೇರೆಯಲ್ಲ. ಅಮೆರಿಕ, ಚೀನಾ ಎರಡೂ ಸೇರಿ ತೆಗೆಯುವುದಕ್ಕಿಂತ ಹೆಚ್ಚು ಅಂತರ್ಜಲವನ್ನು ಭಾರತವೊಂದೇ ತೆಗೆಯುತ್ತದೆ. ನೆಲದ ಒಡೆಯನು ತನ್ನ ನೆಲದಡಿಯ ನೀರನ್ನು ತೆಗೆದುಕೊಳ್ಳಬಹುದೆಂಬ ಹಕ್ಕಿಗೆ 1882ರ ಕಾಯಿದೆಯ ಆಧಾರವಿದೆ. ಆದರೆ ನೆಲದಡಿಯ ನೀರಿಗೆ ಬದುವುಂಟೆ? ಒಬ್ಬನು ಆಳಕ್ಕಿಳಿದರೆ ನೆರೆಯವನ ಬಾವಿ ಬತ್ತುತ್ತದೆ. ಇದನ್ನು ಹದ್ದಿನಲ್ಲಿಡಲು ಕರ್ನಾಟಕ 2011ರಲ್ಲಿ ಅಂತರ್ಜಲ ಕಾಯಿದೆ ಮಾಡಿತು. ಕಾಯಿದೆ ಬಂತು, ಪ್ರತಿಯೂರಿಗೂ ನೀರುಗಂಟಿ ಬರಲಿಲ್ಲ.

ಇನ್ನು ಜಗತ್ತು. ಮಧ್ಯ ಏಷ್ಯದ ಅರಲ್ ಸಮುದ್ರ 1960ರಲ್ಲಿ ಪ್ರಪಂಚದ ನಾಲ್ಕನೆಯ ದೊಡ್ಡ ಸರೋವರವಾಗಿತ್ತು. ಹತ್ತಿಯ ಹೊಲಗಳಿಗೆಂದು ಸೋವಿಯತ್ ಸರ್ಕಾರ ಅದರ ಎರಡು ನದಿಗಳನ್ನೂ ತಿರುಗಿಸಿತು. ಮೇಲಿನವರಿಗೆ ಬೆಳೆ, ಕೆಳಗಿನ ಬೆಸ್ತರಿಗೆ ಉಪ್ಪಿನ ಧೂಳು. 2005ರಲ್ಲಿ ಕಜಾಕಸ್ತಾನ ಒಂದು ಅಡ್ಡಕಟ್ಟೆ ಕಟ್ಟಿದ ಮೇಲೆ ಉತ್ತರದ ತುಂಡಿಗೆ ಮಾತ್ರ ನೀರು, ಮೀನು ಮರಳಿದವು. ಆಕಾಶವೂ ಇಂಥದೇ ಒಂದು ಕೆರೆ. ಓಜೋನ್ ಪದರವನ್ನು ಕೆಡಿಸುವ ಅನಿಲಗಳನ್ನು ತಡೆಯಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಕ್ರಮೇಣ ಎಲ್ಲ ರಾಷ್ಟ್ರಗಳೂ ಅಳತೆಗೆ ಒಪ್ಪಿದವು. ಪದರ ಈಗ ಮೆಲ್ಲಗೆ ಚೇತರಿಸಿಕೊಳ್ಳುತ್ತಿದೆ. ಹವಾಮಾನದ ವಿಚಾರದಲ್ಲಾದರೋ, 2015ರ ಪ್ಯಾರಿಸ್ ಒಪ್ಪಂದದಂತೆ ಪ್ರತಿ ರಾಷ್ಟ್ರವೂ ತನ್ನ ಪಾಲನ್ನು ತಾನೇ ಅಳೆದುಕೊಳ್ಳುತ್ತದೆ. ಪ್ರತಿಯೊಬ್ಬ ರೈತನ ಕೈಗೂ ತೂಬಿನ ಕೀಲಿ ಕೊಟ್ಟಂತೆ!

ವಿಜ್ಞಾನ ನಮಗೆ ಎಷ್ಟು ನೀರಿದೆ, ಎಷ್ಟು ಹೊಗೆಯಿದೆ ಎಂದು ಹೇಳಬಲ್ಲದು. ಯಾರಿಗೆಷ್ಟು ಎಂಬುದನ್ನು ನಾವೇ ಕೂಡಿ ನಿರ್ಧರಿಸಬೇಕು, ನಿರ್ಧರಿಸಿದ್ದನ್ನು ಮುಖ ನೋಡದೆ ನಡೆಸುವವರೊಬ್ಬರು ಬೇಕು. ಹಳೆಯ ನೀರುಗಂಟಿ ಮರಳಿ ಬರಬೇಕೆಂದು ನಾನು ಹೇಳುತ್ತಿಲ್ಲ. ಹೊಸಬನು ಬರಲಿ, ಅವನಿಗೆ ಕಣದ ಕಾಳಲ್ಲ, ಕೆರೆಯ ನೀರಿನಲ್ಲೇ ಸಮಪಾಲಿರಲಿ.