ಈಗ ಬಿತ್ತು, ಆಗ ಬಿತ್ತು

ಬಾಲಾನಗರಕ್ಕೆ ಏನನ್ನಾದರೂ ನೋಡಬೇಕೆಂದು ಬಂದವರನ್ನು ನಾನು ಈವರೆಗೆ ಕಂಡಿಲ್ಲ. ಎಲ್ಲರೂ ಬರುವುದು ಕೆಲಸಕ್ಕೆ. ಹೈದರಾಬಾದಿನ ಈ ಮೂಲೆಯಲ್ಲಿ ವಿಮಾನಗಳ ಎಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಎಚ್‌ಎಎಲ್ ಘಟಕವಿದೆ, ಟೂಲ್ ಡಿಸೈನ್ ಕಲಿಸುವ ಕೇಂದ್ರೀಯ ಸಂಸ್ಥೆಯಿದೆ, ಉಪಗ್ರಹಗಳು ತೆಗೆದ ಭೂಮಿಯ ಚಿತ್ರಗಳನ್ನು ಪರಿಶೀಲಿಸುವ ರಾಷ್ಟ್ರೀಯ ದೂರಸಂವೇದಿ ಕೇಂದ್ರವಿದೆ. ಇವುಗಳ ಸುತ್ತ ಗಲ್ಲಿಗಲ್ಲಿಯಲ್ಲೂ ಲೇತು, ಮಿಲ್ಲಿಂಗ್, ಗ್ರೈಂಡಿಂಗ್. ಮನೆ ಬಾಗಿಲು ತೆರೆದರೆ ಕೂಲೆಂಟಿನ ವಾಸನೆ, ಅಂಗಿ ಕೊಡವಿದರೆ ಕಬ್ಬಿಣದ ಪುಡಿ.

ನಾನು ಪೀಣ್ಯದವನು. "ಸ್ವಲ್ಪ ದಿನ ಇದ್ದು ಕೆಲಸ ಕಲಿತು ಬಾ" ಎಂದು ನಮ್ಮ ಕಂಪನಿಯವರು ಇಲ್ಲಿಗೆ ಕಳಿಸಿದರು. ನಾನು ಕಲಿತು ಮುಗಿಸುವಷ್ಟರಲ್ಲಿ ಕಂಪನಿಯೇ ಬಾಗಿಲು ಹಾಕಿತ್ತು. ವಾಪಸ್ ಹೋಗಲು ಊರಿತ್ತು, ಕೆಲಸವಿರಲಿಲ್ಲ. ಇಲ್ಲಿ ಕೆಲಸ ಸಿಕ್ಕಿತು, ಉಳಿದೆ. ಮದುವೆಯಾಯಿತು. ಮಕ್ಕಳು ತೆಲುಗಿನಲ್ಲಿ ಜಗಳವಾಡಿ ಕನ್ನಡದಲ್ಲಿ ಚಾಡಿ ಹೇಳುವಷ್ಟು ದೊಡ್ಡವರಾದರು. ಅಮ್ಮ ಮಾತ್ರ ಫೋನಿನಲ್ಲಿ ಇವತ್ತಿಗೂ ಕೇಳುವುದು ಒಂದೇ ಪ್ರಶ್ನೆ: "ಕೆಲ್ಸ ಗಟ್ಟಿನೇನೋ?"

ಗಟ್ಟಿ ಕೆಲಸದ ಬಗ್ಗೆ ಬಾಲಾನಗರಕ್ಕೆ ಚೆನ್ನಾಗಿ ಗೊತ್ತು. 1961ರಲ್ಲಿ ಕೇಂದ್ರ ಸರ್ಕಾರ ಐಡಿಪಿಎಲ್ ಎಂಬ ಔಷಧ ಸಂಸ್ಥೆಯನ್ನು ಕಟ್ಟಿ, ಸೋವಿಯತ್ ನೆರವಿನಿಂದ ಇಲ್ಲೊಂದು ದೊಡ್ಡ ಕಾರ್ಖಾನೆ ನಿಲ್ಲಿಸಿತು. ಅದರದೇ ಕಾಲೊನಿ, ಅದರದೇ ಸೈರನ್ನು. ಅಲ್ಲಿ ಕೆಲಸ ಎಂದರೆ ಜಾತಕ ನೋಡದೆ ಹೆಣ್ಣು ಕೊಡುತ್ತಿದ್ದರು ಎಂದು ನಮ್ಮ ಬೀದಿಯ ಹಿರಿಯರು ಹೇಳುತ್ತಾರೆ. 1992ರಲ್ಲಿ ಅದು ರೋಗಗ್ರಸ್ತ ಉದ್ಯಮ ಎಂದು ಘೋಷಣೆಯಾಯಿತು. ಊರಿಗೆಲ್ಲ ಮದ್ದು ಮಾಡುತ್ತಿದ್ದ ಕಾರ್ಖಾನೆಗೇ ರೋಗ! ಕೆಲವೇ ವರ್ಷಗಳಲ್ಲಿ ಯಂತ್ರಗಳು ನಿಂತವು. ಇನ್ನೊಂದು ಕಡೆ, ಅಲ್ಲಿನ ಗಟ್ಟಿ ಕೆಲಸವನ್ನು ಬಿಟ್ಟು ಹೊರಬಂದಿದ್ದ ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಂಪನಿ ಶುರುಮಾಡಿದ್ದರು. ಅದು ದೇಶವಿದೇಶಕ್ಕೆ ಬೆಳೆಯಿತು. ನಿಂತೀತು ಎಂದುಕೊಂಡದ್ದು ಕುಸಿಯಿತು, ಬಿದ್ದೀತು ಎಂದುಕೊಂಡದ್ದು ನಿಂತಿತು. ಯಾವ ಜ್ಯೋತಿಷಿಯೂ ಇದನ್ನು ಮೊದಲೇ ಹೇಳಿರಲಿಲ್ಲ.

ಈ ಊರಿನಲ್ಲಿ 'ಬಿದ್ದೀತು' ಎನ್ನಿಸಿಕೊಂಡೇ ನಿಂತಿರುವ ಇನ್ನೊಂದು ವಸ್ತುವಿದೆ. ಅದು ಬಂಡೆ. ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದ ಅಣಬೆ ಬಂಡೆ, ದುರ್ಗಂ ಚೆರುವಿನ ದಂಡೆಯ ರಾಶಿ, ಖಾಜಾಗುಡದ ಗುಡ್ಡಗಳು, ಮೌಲಾ ಅಲಿ ದರ್ಗಾವನ್ನು ನೆತ್ತಿಯ ಮೇಲೆ ಹೊತ್ತ ದಿಬ್ಬ, ಎಲ್ಲೆಲ್ಲೂ ಒಂದರ ಮೇಲೊಂದು ದುಂಡು ಕಲ್ಲು. ಅಂಗೈಯಗಲದ ಆಸರೆಯಲ್ಲಿ ಆನೆ ಗಾತ್ರದ್ದೊಂದು ಕೂತಿರುತ್ತದೆ. ಕೆಳಗೆ ನಿಂತು ನೋಡಿದರೆ ಈಗ ಬಿತ್ತು, ಆಗ ಬಿತ್ತು.

ಹಂಪಿ ಕಂಡ ಕನ್ನಡಿಗನಿಗೆ ಈ ನೋಟ ಹೊಸದಲ್ಲ. ವಾಲಿ ಸುಗ್ರೀವರು ಜಗಳದಲ್ಲಿ ಎಸೆದಾಡಿದ ಕಲ್ಲುಗಳವು ಎಂದು ಅಲ್ಲಿಯವರು ಹೇಳುತ್ತಾರೆ. ಅಣ್ಣತಮ್ಮಂದಿರ ಜಗಳ ಹೈದರಾಬಾದಿನವರೆಗೂ ಹಬ್ಬಿತ್ತೇನೋ ಎಂದು ನಾನು ಮಕ್ಕಳಿಗೆ ತಮಾಷೆ ಮಾಡುತ್ತಿದ್ದೆ. ಭೂವಿಜ್ಞಾನಿಗಳ ಪ್ರಕಾರ ಸಂಬಂಧ ನಿಜವಾಗಿಯೂ ಇದೆ. ಹಂಪಿ, ರಾಮನಗರ, ಹೈದರಾಬಾದ್ ಮೂರೂ ಕೂತಿರುವುದು ಧಾರವಾಡ ಕ್ರೇಟಾನ್ ಎಂಬ ಒಂದೇ ಪುರಾತನ ಶಿಲಾ ತಳಹದಿಯ ಮೇಲೆ. ಹೈದರಾಬಾದಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ, ರಾಮನಗರದ ಬೆಟ್ಟಗಳಿಗೂ ಹೆಚ್ಚುಕಡಿಮೆ ಅಷ್ಟೇ. ಆಗ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ ಎನ್ನಬೇಕು. ಜೀವ ಎಂದರೆ ಬರೀ ಸೂಕ್ಷ್ಮಾಣುಗಳು. ನಾನು ಪರಊರಿಗೆ ಬಂದೆ ಎಂದು ಕೊರಗುತ್ತಿದ್ದಾಗ ಕಾಲ ಕೆಳಗಿನ ಕಲ್ಲು ಊರಿನದೇ ಆಗಿತ್ತು.

ಈ ಕಲ್ಲುಗಳನ್ನು ಮೇಲೇರಿಸಿ ಕೂರಿಸಿದವರು ಯಾರು? ಯಾರೂ ಅಲ್ಲ. ನೆಲದಾಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿನ ಪದರಗಳು ಕೋಟ್ಯಂತರ ವರ್ಷಗಳಲ್ಲಿ ಸವೆದಾಗ ಭಾರ ಇಳಿದು ಬಂಡೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟವು. ಆ ಬಿರುಕುಗಳಲ್ಲಿ ನೀರು ಇಳಿಯಿತು. ಮಳೆಗೆ ಸಿಕ್ಕ ಅಚ್ಚುಬೆಲ್ಲದಂತೆ ಚೌಕದ ಮೂಲೆಗಳು ಮೊದಲು ಕರಗಿ, ಒಳಗಿನ ತಿರುಳು ಮಣ್ಣಿನೊಳಗೇ ದುಂಡಗಾಯಿತು. ಕೊನೆಗೆ ಸುತ್ತಲಿನ ಮಣ್ಣು ಕೊಚ್ಚಿಹೋದಾಗ ಉಳಿದದ್ದು ಉಳಿದಲ್ಲೇ ನಿಂತಿತು. ಅಂದರೆ ಮೇಲಿನ ಕಲ್ಲು ಎಲ್ಲಿಂದಲೋ ಬಂದು ಅಪಾಯದಲ್ಲಿ ಕೂತದ್ದಲ್ಲ. ಅದು ಇದ್ದಲ್ಲೇ ಇದೆ, ಸುತ್ತಲಿದ್ದ ಆಸರೆ ಹೋಗಿದೆ ಅಷ್ಟೇ. ಕಂಪನಿ ಮುಚ್ಚಿದ ವರ್ಷ ಯಾರಾದರೂ ಇದನ್ನು ನನಗೆ ವಿವರಿಸಿದ್ದರೆ ಒಂದಷ್ಟು ನಿದ್ದೆಯಾದರೂ ಉಳಿಯುತ್ತಿತ್ತು.

ಸ್ನೇಹಿತನೊಬ್ಬ ಊರಾಚೆ ಸೈಟು ಕೊಂಡ. ಸೈಟಿನ ನಡುವೆ ಒಂದು ಬಂಡೆ, ಅದರ ತಲೆಯ ಮೇಲೆ ಇನ್ನೊಂದು. "ರಾತ್ರಿ ಮಲಗಿದ್ದಾಗ ಉರುಳಿದರೆ?" ಎಂಬ ಭಯಕ್ಕೆ ಕಲ್ಲುಕುಟಿಗರನ್ನು ಕರೆಸಿದ. ಬಂದವರಲ್ಲಿ ಹಿರಿಯ ನಾರಾಯಣಪೇಟೆ ಕಡೆಯವನು, ರಾಯಚೂರಿಗೆ ತಾಗಿದ ಊರು. ನನ್ನ ಕನ್ನಡ ಕೇಳಿ ಮುಖ ಅರಳಿಸಿದ. ಸುತ್ತಿಗೆಯಿಂದ ಕಲ್ಲನ್ನು ಅಲ್ಲಲ್ಲಿ ತಟ್ಟಿ, ಕಿವಿ ಹತ್ತಿರ ತಂದು ಸದ್ದು ಆಲಿಸಿದ. ಬೀಳುತ್ತದೇನಪ್ಪ ಎಂದು ಕೇಳಿದೆ.

"ತಾನಾಗೇ ಬೀಳಂಗಿಲ್ರಿ ಸರ. ಬೀಳಂಗಿಲ್ಲ ಅಂತನ ನಾವು ಬರಬೇಕಾತು."

ಕೆಮ್ಮಣ್ಣಿನಲ್ಲಿ ಗೆರೆ ಎಳೆದು, ಗೆರೆಯುದ್ದಕ್ಕೂ ಗೇಣಿಗೊಂದು ತೂತು ಕೊರೆದರು. ತೂತುಗಳಿಗೆ ಉಕ್ಕಿನ ಬೆಣೆ ಇಟ್ಟು ಸಾಲಾಗಿ ಒಂದೊಂದು ಏಟು. ಒಂದು ಸುತ್ತು, ಇನ್ನೊಂದು ಸುತ್ತು, ಅವಸರವೇ ಇಲ್ಲ. ಬೆಣೆಯ ನಾದ ಏರುತ್ತಾ ಹೋಗಿ ಒಮ್ಮೆಲೇ ಮಂಕಾಯಿತು, ಗೆರೆಯ ಮೇಲೆ ಕೂದಲೆಳೆಯ ಸೀಳು ಓಡಿತು. ಒಳಮುಖ ಹೊರಗಿನ ಹಾಗೆ ಮಾಸಲಾಗಿರಲಿಲ್ಲ. ನಸುಗೆಂಪು ಹರಳು, ಗಾಜಿನಂಥ ಬಿಳಿ, ನಡುನಡುವೆ ಅಭ್ರಕದ ಕಪ್ಪು ಚುಕ್ಕೆ, ಅವು ಮೊದಲ ಸಲ ಬಿಸಿಲು ಕಾಣುತ್ತಿದ್ದವು. 250 ಕೋಟಿ ವರ್ಷ ಕಾದಿದ್ದ ಕಲ್ಲು ವಾರ ಕಳೆಯುವುದರೊಳಗೆ ತಳಪಾಯಕ್ಕೆ ಸೈಜುಗಲ್ಲಾಗಿತ್ತು.

ಇದೇ ನಗರದಲ್ಲಿ ಐಎಎಸ್ ಅಧಿಕಾರಿಯಾಗಿದ್ದ ನರೇಂದ್ರ ಲೂಥರ್ ಬಂಜಾರಾ ಹಿಲ್ಸ್‌ನಲ್ಲಿ ಮನೆ ಕಟ್ಟಿಸುವಾಗ ಬಂಡೆಯನ್ನು ಒಡೆಸದೆ ಅದನ್ನೇ ಮನೆಯ ಭಾಗ ಮಾಡಿಕೊಂಡರು. 1996ರಲ್ಲಿ ಶುರುವಾದ 'ಸೊಸೈಟಿ ಟು ಸೇವ್ ರಾಕ್ಸ್' ಎಂಬ ಬಂಡೆ ಉಳಿಸುವ ಸಂಘಕ್ಕೆ ಅವರು ಬಹುಕಾಲ ಹೆಗಲು ಕೊಟ್ಟರು. ಜರ್ಮನಿಯಲ್ಲಿ ಹುಟ್ಟಿ ಹೈದರಾಬಾದಿನವರೇ ಆಗಿಹೋದ ಫ್ರೌಕೆ ಖಾದರ್ ಅದರ ಮುಂಚೂಣಿಯಲ್ಲಿದ್ದವರು. ನೋಡುವವರಿದ್ದರೆ ಉಳಿದೀತು ಎಂಬ ನಂಬಿಕೆಯಿಂದ ಸಂಘದವರು ಜನರನ್ನು ಕರೆದುಕೊಂಡು ಬಂಡೆಗಳ ನಡುವೆ ನಡಿಗೆ ಹೊರಡುತ್ತಾರೆ. ಹೈಟೆಕ್ ಸಿಟಿ, ಗಚ್ಚಿಬೌಲಿ ಕಡೆ ಗುಡ್ಡಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸಿದ ಕಾಲಕ್ಕೆ ಈ ಕೆಲಸ ಸಣ್ಣದಲ್ಲ.

ನನ್ನದು ಅಷ್ಟು ದೊಡ್ಡ ಸೇವೆಯೇನಲ್ಲ. ರಜೆಯ ದಿನ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಒಂದು ಬಂಡೆ ಹತ್ತಿ ಕೂರುತ್ತೇನೆ. ಮೈಕ್ರಾನ್ ಲೆಕ್ಕದಲ್ಲಿ ಬದುಕುವ ನನಗೆ ಅಲ್ಲಿ ಯಾವ ಅಳತೆಯೂ ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ಕಲ್ಲಿನ ಗುಳಿಗಳಲ್ಲಿ ನೀರು ನಿಂತು ಕೂದಲಿನಂಥ ಹುಲ್ಲು ಏಳುತ್ತದೆ. ಗಂಡು ಓತಿಕ್ಯಾತ ಕೆಂಪೇರಿದ ತಲೆಯೆತ್ತಿ ದಂಡ ಹೊಡೆಯುತ್ತದೆ. "ಕಲ್ಲಲ್ಲಿ ಏನು ನೋಡೋದ್ರೀ?" ಎಂದು ಶುರುವಿನಲ್ಲಿ ಗೊಣಗುತ್ತಿದ್ದ ಹೆಂಡತಿ ಈಗ ನನಗಿಂತ ಮೊದಲೇ ಚಪ್ಪಲಿ ಮೆಟ್ಟುತ್ತಾಳೆ. ಅಮ್ಮನ ಪ್ರಶ್ನೆಗೆ "ಈ ತಿಂಗಳು ಗಟ್ಟಿ ಇದೆಯಮ್ಮ" ಎಂದು ಸಲೀಸಾಗಿ ಹೇಳುವ ಧೈರ್ಯ ಬಂದದ್ದೂ ಅಲ್ಲಿ ಕೂತ ಮೇಲೆಯೇ. ನಾಳೆಯದು ನನಗೂ ಗೊತ್ತಿಲ್ಲ, ಕಂಪನಿಗೂ ಗೊತ್ತಿಲ್ಲ.

ಹಾಗಾಗಿ ನಮ್ಮ ಮನೆಯಲ್ಲೊಂದು ಪದ್ಧತಿಯಾಗಿದೆ. ಊರಿಂದ ನೆಂಟರು ಬಂದರೆ ಮೊದಲು ಬಂಡೆ, ಆಮೇಲೆ ಚಾರ್ಮಿನಾರ್. ಬಿರಿಯಾನಿ ತಪ್ಪೀತು ಎಂದು ಅವರು ಮುಖ ಸಣ್ಣ ಮಾಡಿದರೂ ನಾನು ಜಗ್ಗುವುದಿಲ್ಲ. ಚಾರ್ಮಿನಾರಿಗೆ ಕಾವಲಿದೆ, ಮುಂದಿನ ಸಲ ಬಂದಾಗಲೂ ಇರುತ್ತದೆ. ಬಂಡೆಯ ಮಾತು ಹೇಳಲಾಗದು, ಪಕ್ಕದ ಸೈಟಿಗೆ ನಿನ್ನೆಯಷ್ಟೇ ಜೆಸಿಬಿ ಬಂದಿದೆ.