ಚಿಲ್ಲರೆ ಹೊಡೆತಗಳ ಸಾಹುಕಾರ

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಸರ್ವೀಸು ಮುಗಿಸಿದವರಿಗೆ ಒಂದು ಚಟ ಉಳಿದುಬಿಡುತ್ತದೆ: ಕಂಡದ್ದನ್ನೆಲ್ಲ ಎಣಿಸುವುದು. ಮದುವೆ ಮನೆಯಲ್ಲಿ ಎಲೆ ಎಣಿಸುತ್ತೇನೆ, ದೇವಸ್ಥಾನದಲ್ಲಿ ಮೆಟ್ಟಿಲು ಎಣಿಸುತ್ತೇನೆ. ನಿವೃತ್ತಿಯ ಮೇಲೆ ಸಿಯಾಟಲ್ ಬಳಿಯ ರೆಡ್ಮಂಡಿನಲ್ಲಿರುವ ಮಗಳ ಮನೆಗೆ ಹೋದಾಗ ಎಣಿಸಲು ಕಿಟಕಿಯಾಚೆಯ ಮರಗಳ ಹೊರತು ಏನೂ ಇರಲಿಲ್ಲ. ನನ್ನ ಅವಸ್ಥೆ ನೋಡಲಾರದೆ ಅಳಿಯ ಬೇಸ್‌ಬಾಲ್ ಪಂದ್ಯದ ಟಿಕೆಟ್ ತಂದ. "ಮಾವ, ಇಚಿರೋ ಸುಜುಕಿ ಅಂತ ಒಬ್ಬ ಇದ್ದಾನೆ. ನಿಮಗೆ ಹಿಡಿಸ್ತಾನೆ ನೋಡಿ" ಅಂದ. ಸುಜುಕಿ ಎಂದರೆ ನನಗೆ ಗೊತ್ತಿದ್ದದ್ದು ನಾನು ಬ್ರಾಂಚಿಗೆ ಓಡಿಸುತ್ತಿದ್ದ ಇಂಡ್-ಸುಜುಕಿ ಮಾತ್ರ.

ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಬೇಸ್‌ಬಾಲ್ ಬಲು ಜಿಪುಣ ಆಟ. ಹೊಡೆದ ಚೆಂಡು ಎದುರಾಳಿಯ ಕೈಯಲ್ಲಿ ಮೊದಲ ಬೇಸಿಗೆ ಬರುವಷ್ಟರಲ್ಲಿ ಹೊಡೆದವನು 90 ಅಡಿ ಓಡಿ ಅದನ್ನು ಮುಟ್ಟಿದರೆ ಅವನ ಖಾತೆಗೆ ಒಂದು ಹಿಟ್. ಅದೂ ರನ್ ಅಲ್ಲ, ಬರೀ ಹಿಟ್. ಹತ್ತರಲ್ಲಿ ಮೂರು ಸಲ ಇಷ್ಟು ಮಾಡಿದವನನ್ನು ಮಹಾ ಆಟಗಾರ ಎನ್ನುತ್ತಾರೆ. ಬೇಬ್ ರೂತ್ ಕಾಲದಿಂದ ಅಮೆರಿಕದವರ ಮೋಹವೆಲ್ಲ ಚೆಂಡನ್ನು ಬೇಲಿಯಾಚೆ ಅಟ್ಟುವ ಹೋಂ ರನ್ ಮೇಲೆ. ಅಂಥವರ ನಡುವೆ ಇಚಿರೋ ಬಂದು ನೋಟಿನ ಕಂತೆ ಬಿಟ್ಟು ಚಿಲ್ಲರೆ ಕೂಡಿಡಲು ಕೂತ.

ಆ ದಿನ ನಮ್ಮ ಸೀಟು ಮೊದಲ ಬೇಸಿನ ಬದಿಗಿತ್ತು. ಮಗಳು ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದಳು. ಪಕ್ಕದ ಹಳಿಯ ಮೇಲೆ ಗೂಡ್ಸ್ ರೈಲು ಕೂಗಿಕೊಂಡು ಹೋಗುತ್ತಿತ್ತು. ಸಣಕಲು ದೇಹದ ಒಬ್ಬ ಬಂದು ಬಲಗೈಯಲ್ಲಿ ಬ್ಯಾಟನ್ನು ನೆಟ್ಟಗೆ ಚೆಂಡೆಸೆಯುವ ಪಿಚರ್ ಕಡೆ ಚಾಚಿದ. ಎಡಗೈಯಿಂದ ಬಲತೋಳಿನ ಅಂಗಿಯನ್ನು ಚೂರು ಎಳೆದುಕೊಂಡ. ಚೆಂಡು ಬಂದದ್ದೇ, ಬ್ಯಾಟು ತಗುಲಿತೋ ಇಲ್ಲವೋ ಅನ್ನುವಷ್ಟರಲ್ಲಿ ಕಾಲು ಓಡತೊಡಗಿತ್ತು. ಚೆಂಡು ಎರಡು ಪುಟ ನೆಗೆದು, ಎರಡನೇ ಮೂರನೇ ಬೇಸುಗಳ ನಡುವೆ ಕಾಯುವ ಶಾರ್ಟ್‌ಸ್ಟಾಪ್ ಕೈಸೇರಿತು. ಅವನು ಎಸೆದ, ಕರಾರುವಾಕ್ಕಾಗಿಯೇ ಎಸೆದ. ಅಷ್ಟರಲ್ಲಿ ಇಚಿರೋ ಬೇಸ್ ದಾಟಿಯಾಗಿತ್ತು. "ಇಷ್ಟೇನಾ?" ಅಂದಳು ನನ್ನ ಹೆಂಡತಿ. ನನಗೆ ಮಾತ್ರ ವಿಶ್ವನಾಥ್ ಲೇಟ್ ಕಟ್ ಕಂಡಷ್ಟೇ ಖುಷಿಯಾಗಿತ್ತು.

ಈ ಓಟದ ಬೀಜ ಬಿತ್ತಿದ್ದು ಅವನ ಅಪ್ಪ. ಜಪಾನಿನ ಐಚಿ ಪ್ರಾಂತದ ಟೊಯೊಯಾಮದಲ್ಲಿ ದಿನವೂ ಮಗನನ್ನು ಅಭ್ಯಾಸಕ್ಕೆ ಇಳಿಸುತ್ತಿದ್ದ ಅವರು ಬಲಗೈಯವನಾದ ಹುಡುಗನಿಗೆ ಎಡಗೈ ಬ್ಯಾಟಿಂಗ್ ಕಲಿಸಿದರು. ಎಡಗೈಯವನು ನಿಲ್ಲುವ ಕಡೆಯಿಂದ ಮೊದಲ ಬೇಸಿಗೆ ಒಂದೆರಡು ಹೆಜ್ಜೆ ಹತ್ತಿರ. ಆ ಒಂದೆರಡು ಹೆಜ್ಜೆಯ ಮೇಲೆ ಎಷ್ಟು ದಾಖಲೆಗಳು ನಿಂತವೋ! ಕೋಬೆಯ ಓರಿಕ್ಸ್ ತಂಡ ಸೇರಿದಾಗ ಅವನ ಮೊದಲ ಮ್ಯಾನೇಜರಿಗೆ ಕಾಲು ತೂಗುವ ಆ ಶೈಲಿ ಸರಿಬರಲಿಲ್ಲ, ಕಿರಿಯರ ತಂಡದಲ್ಲೇ ಕೊಳೆಸಿದರು. 1994ರಲ್ಲಿ ಬಂದ ಹೊಸ ಮ್ಯಾನೇಜರ್ ಅಕಿರಾ ಓಗಿ ಮೈದಾನಕ್ಕಿಳಿಸಿದರು. ಜಪಾನಿನಲ್ಲಿ ಸುಜುಕಿಗಳಿಗೆ ಲೆಕ್ಕವಿಲ್ಲವಾದ್ದರಿಂದ ಅಂಗಿಯ ಬೆನ್ನಿಗೆ ಬರೀ ಇಚಿರೋ ಎಂದು ಬರೆಸಿದರು. ಆ ವರ್ಷವೇ ಅವನದು 210 ಹಿಟ್. ಅಲ್ಲಿ ಒಂದೇ ಋತುವಿನಲ್ಲಿ 200 ಮುಟ್ಟಿದವರಲ್ಲಿ ಮೊದಲಿಗ. ಮರುವರ್ಷ ಜನವರಿಯಲ್ಲಿ ಭೂಕಂಪ ಕೋಬೆಯನ್ನು ನೆಲಸಮ ಮಾಡಿತು. ಊರಿಗೆ ಧೈರ್ಯ ಹೇಳುವ ಮಾತನ್ನು ತೋಳಿನ ಮೇಲೆ ಹೊತ್ತು ಆಡಿದ ಓರಿಕ್ಸ್ ತನ್ನ ಲೀಗನ್ನು ಗೆದ್ದಿತು.

27ರ ವಯಸ್ಸಿನಲ್ಲಿ, 2001ರಲ್ಲಿ, ಸಿಯಾಟಲ್ ಮ್ಯಾರಿನರ್ಸ್ ಸೇರಿದ. ಇಂಥ ಕಡ್ಡಿ ಪೈಲ್ವಾನ ಇಲ್ಲಿ ನಡೆಯುತ್ತಾನೆಯೇ ಎಂದು ಮೂಗು ಮುರಿದವರಿದ್ದರು. ಮೊದಲ ವರ್ಷವೇ 242 ಹಿಟ್ ಎಣಿಸಿದ. ಅತ್ಯುತ್ತಮ ಹೊಸಬ, ಅತ್ಯುತ್ತಮ ಆಟಗಾರ, ಎರಡೂ ಬಹುಮಾನ ಅವನಿಗೇ. ಅಲ್ಲಿಂದ 2010ರವರೆಗೆ ಹತ್ತೂ ವರ್ಷ 200ಕ್ಕೆ ಒಮ್ಮೆಯೂ ಕಡಿಮೆಯಾಗಲಿಲ್ಲ.

ನನ್ನ ಮೆಚ್ಚಿನದು 2004. ಒಂದು ಋತುವಿನಲ್ಲಿ 257 ಹಿಟ್ ಎಂಬ ಜಾರ್ಜ್ ಸಿಸ್ಲರ್ ದಾಖಲೆ 1920ರಿಂದ ಹಾಗೇ ಕೂತಿತ್ತು. ಅಕ್ಟೋಬರ್ 1ರಂದು, ನಾವು ಕೂತು ನೋಡಿದ ಸಿಯಾಟಲ್ ಮೈದಾನದಲ್ಲೇ, ಇಚಿರೋ ಅದನ್ನು ಮುರಿದ. ಮುರಿದದ್ದೂ ಮೊದಲ ಬೇಸಿಗಷ್ಟೇ ಮುಟ್ಟಿಸುವ ಒಂದು ಸಾದಾ ಸಿಂಗಲ್‌ನಿಂದ. ಋತು ಮುಗಿದಾಗ 262, ಅದರಲ್ಲಿ 225 ಸಿಂಗಲ್‌ಗಳು. ಸಿಸ್ಲರ್ ಆಡಿದ್ದು 154 ಪಂದ್ಯಗಳ ಋತು, ಇವನು ಆಡಿದ್ದು 161 ಪಂದ್ಯ ಎಂದು ಗೊಣಗುವವರ ಮಾತಿನಲ್ಲೂ ಹುರುಳಿದೆ. ಆದರೆ ದಾಖಲೆ ಮುರಿದ ಮೇಲೆ ಅವನು ಗ್ಯಾಲರಿಯ ಅಂಚಿಗೆ ಓಡಿ, ಅಲ್ಲಿ ಕೂತಿದ್ದ ಸಿಸ್ಲರ್‌ರ 81 ವರ್ಷದ ಮಗಳ ಕೈಕುಲುಕಿದ. 2009ರಲ್ಲಿ ಸೇಂಟ್ ಲೂಯಿಸಿಗೆ ಹೋದಾಗ ಹೆಂಡತಿಯೊಂದಿಗೆ ಸಿಸ್ಲರ್ ಸಮಾಧಿಗೆ ಹೂ ಇಟ್ಟು ಬಂದ. ದಾಖಲೆ ಮುರಿಯುವವರಿಗೆ ಈ ಸಂಸ್ಕಾರ ಇದ್ದರೆ ಎಷ್ಟು ಚೆಂದ.

2016ರ ಜೂನ್‌ನಲ್ಲಿ, ಜಪಾನಿನ 1278 ಸೇರಿಸಿದರೆ, ಅವನ ಹಿಟ್‌ಗಳು ಅಮೆರಿಕದ ದಾಖಲೆಯಾದ ಪೀಟ್ ರೋಸ್‌ನ 4256ನ್ನು ದಾಟಿದವು. ಜಪಾನಿನದ್ದನ್ನು ಲೆಕ್ಕಕ್ಕೆ ಹಿಡಿಯಲು ರೋಸ್ ಒಪ್ಪಲಿಲ್ಲ. ಎರಡು ಬ್ರಾಂಚಿನ ಲೆಕ್ಕ ಕೂಡಿಸಬಾರದು ಎಂಬ ತಕರಾರು ನನಗೆ ಅರ್ಥವಾಗುತ್ತದೆ, ಆದರೆ ದುಡ್ಡು ದುಡ್ಡೇ. ಆಗಸ್ಟ್‌ನಲ್ಲಿ, ಮಯಾಮಿ ತಂಡದಲ್ಲಿದ್ದಾಗ, ಡೆನ್ವರ್ ಮೈದಾನದ ಗೋಡೆಗೆ ಬಡಿದು ಅವನನ್ನು ಮೂರನೇ ಬೇಸಿಗೆ ಮುಟ್ಟಿಸಿದ ಒಂದು ಟ್ರಿಪಲ್‌ನಿಂದ ಅಮೆರಿಕದ 3000ವೂ ಆಯಿತು. ಆಗ ಅವನಿಗೆ 42. 2019ರ ಮಾರ್ಚ್‌ನಲ್ಲಿ ಟೋಕಿಯೋದಲ್ಲಿ ಆಡಿ ನಿಲ್ಲಿಸಿದಾಗ ಅಮೆರಿಕದ ಹಿಟ್‌ಗಳು 3089. ಅದರಲ್ಲಿ ಹೋಂ ರನ್ 117, ಸಿಂಗಲ್‌ಗಳೇ 2514.

2025ರಲ್ಲಿ ಅವನನ್ನು ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಆರಿಸಿದಾಗ ವೋಟು ಹಾಕಿದ 394 ಪತ್ರಕರ್ತರಲ್ಲಿ 393 ಮಂದಿ ಹೂಂ ಅಂದರು. ಒಬ್ಬರು ಮಾತ್ರ ಹೆಸರು ಬಿಟ್ಟಿದ್ದರು. ಅವರನ್ನು ಮನೆಗೆ ಕರೆದು ಜೊತೆಗೆ ಕೂತು ಕುಡಿಯಬೇಕೆಂದಿದೆ ಎಂದು ಇಚಿರೋ ಪತ್ರಕರ್ತರಿಗೆ ಹೇಳಿದ.